ಕಬ್ಬನ್ ಪಾರ್ಕ್ ಪಿನ್ ಸಮುದ್ರಕ್ಕೆ ಬಿದ್ದರೆ: ಅದಲುಬದಲಾದ ಆರ್ಗ್ಯುಮೆಂಟ್ ಹಿಡಿಯುವುದು ಹೇಗೆ?

ಬೆಂಗಳೂರಿನ ಕಬ್ಬನ್ ಪಾರ್ಕ್ ಆಸುಪಾಸಿನ ಅಕ್ಷಾಂಶ 12.97, ರೇಖಾಂಶ 77.59. ಇವೆರಡನ್ನು ಆರ್ಗ್ಯುಮೆಂಟ್ ಆಗಿ, ಅಂದರೆ ಕೆಲಸಕ್ಕೆ ಬೇಕಾದ ಮಾಹಿತಿಯಾಗಿ, ಹಿಂದುಮುಂದು ಮಾಡಿ ಪೈಥಾನ್ ಫಂಕ್ಷನ್‌ಗೆ ಕೊಟ್ಟರೆ ಮ್ಯಾಪಿನ ಪಿನ್ ನಾರ್ವೆಯ ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರಕ್ಕೆ ಬೀಳುತ್ತದೆ. ಪೈಥಾನ್ ತುಟಿ ಪಿಟಕ್ ಅನ್ನುವುದಿಲ್ಲ. ಎರಡೂ ಸಂಖ್ಯೆಗಳೇ ಅಲ್ವಾ, ಅದಕ್ಕೇನು ಗೊತ್ತು? ನಾನೇ ಹೀಗೆ ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ: ನಕ್ಷೆಯ ಡೇಟಾ ಇಡುವ ಫಾರ್ಮ್ಯಾಟ್ ಆದ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು ಬರುತ್ತದೆ, ನಾನು ಬರೆದ ಫಂಕ್ಷನ್‌ಗೆ ಅಕ್ಷಾಂಶ ಮೊದಲು ಬೇಕಿತ್ತು.

ಪ್ರೋಗ್ರಾಮ್ ಓಡಿಸದೆ, ಬರೀ ಕೋಡ್ ಓದಿಯೇ ಇಂಥ ತಪ್ಪು ಹಿಡಿಯುವ ಟೂಲ್‌ಗಳಿವೆ. ಪೈಥಾನ್‌ಗೆ ಮೈಪೈ (mypy) ಇದೆ, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ (pip) ಬಳಸಿ ಇನ್‌ಸ್ಟಾಲ್ ಮಾಡಿಕೊಳ್ಳಿ.

ಮೊದಲು ಪ್ರತಿ ಪ್ಯಾರಾಮೀಟರ್ (ಫಂಕ್ಷನ್ ಒಳಗೆ ಆರ್ಗ್ಯುಮೆಂಟ್ ಬಂದು ಕೂರುವ ಹೆಸರು) ಆದ ಮೇಲೆ ಕೋಲನ್ ಹಾಕಿ ಅದರ ಟೈಪ್, ಅಂದರೆ ಅದು ಯಾವ ಬಗೆಯ ಡೇಟಾ ಅಂತ, ಬರೆಯಿರಿ. ನಮ್ಮ ಎರಡಕ್ಕೂ ಫ್ಲೋಟ್ (float), ಅಂದರೆ ದಶಮಾಂಶ ಸಂಖ್ಯೆ. ಆಮೇಲೆ ಟರ್ಮಿನಲ್‌ನಲ್ಲಿ ಮೈಪೈ ಅಂತ ಬರೆದು ಫೈಲಿನ ಹೆಸರು ಕೊಡಿ. ಆರ್ಗ್ಯುಮೆಂಟ್ ಒಂದು ಬಿಟ್ಟುಹೋಗಿದ್ದರೆ, ಜಾಸ್ತಿಯಾಗಿದ್ದರೆ, ಸಂಖ್ಯೆ ಬೇಕಾದ ಕಡೆ ಸ್ಟ್ರಿಂಗ್ (ಪಠ್ಯ) ಇದ್ದರೆ ಸಾಲಿನ ನಂಬರ್ ಸಮೇತ ಹೇಳುತ್ತದೆ. ಒಂದೂ ತಪ್ಪಿಲ್ಲ ಅಂದರೆ ತಕ್ಷಣ ಹಿಗ್ಗಬೇಡಿ. ಟೈಪ್ ಬರೆಯದ ಫಂಕ್ಷನ್‌ಗಳ ಒಳಗೆ ಅದು ಸಾಮಾನ್ಯವಾಗಿ ಇಣುಕುವುದೇ ಇಲ್ಲ. ಸ್ಟ್ರಿಕ್ಟ್ (--strict) ಆಯ್ಕೆ ಕೊಟ್ಟು ಇನ್ನೊಮ್ಮೆ ಓಡಿಸಿ. ಹಳೇ ಪ್ರಾಜೆಕ್ಟ್ ಆದರೆ ರಾಶಿ ದೂರು ಬರುತ್ತವೆ, ಒಂದೊಂದೇ ಫೈಲ್ ಎತ್ತಿಕೊಳ್ಳಿ.

ಆದರೆ ನಮ್ಮ ಪಿನ್ ಇನ್ನೂ ಸಮುದ್ರದಲ್ಲೇ ಇದೆ! ಫ್ಲೋಟ್ ಜಾಗದಲ್ಲಿ ಫ್ಲೋಟೇ ಇರುವಾಗ ಮೈಪೈಗೂ ಅನುಮಾನ ಬರುವುದಿಲ್ಲ. ಅದಕ್ಕೆ ಪೈಥಾನ್ ಜೊತೆಗೇ ಬರುವ ಟೈಪಿಂಗ್ (typing) ಮಾಡ್ಯೂಲಿನ ನ್ಯೂಟೈಪ್ (NewType) ಬಳಸಿ ಫ್ಲೋಟ್‌ನಿಂದಲೇ ಎರಡು ಹೊಸ ಟೈಪ್ ಮಾಡಿ, ಒಂದಕ್ಕೆ ಲ್ಯಾಟ್, ಇನ್ನೊಂದಕ್ಕೆ ಲಾಂಗ್ ಅಂತ ಹೆಸರಿಡಿ, ಪ್ಯಾರಾಮೀಟರ್‌ಗಳಿಗೆ ಫ್ಲೋಟ್ ಬದಲು ಇವನ್ನೇ ಬರೆಯಿರಿ. ಡೇಟಾ ಓದುವ ಜಾಗದಲ್ಲೇ ಸಂಖ್ಯೆಗಳಿಗೆ ಈ ಟೈಪ್ ಹಚ್ಚಿಬಿಡಿ. ಮುಂದೆ ಎಲ್ಲಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಹಚ್ಚುವಾಗಲೇ ಎಡವಿದರೆ ಮಾತ್ರ ಮೈಪೈಗೆ ತಿಳಿಯುವುದಿಲ್ಲ, ಆ ಒಂದೆರಡು ಸಾಲನ್ನು ನೀವೇ ಕಣ್ಣಿಟ್ಟು ಓದಬೇಕು.

ಇಷ್ಟೆಲ್ಲ ಯಾಕೆ ಅನಿಸಿದರೆ, ಪ್ಯಾರಾಮೀಟರ್‌ಗಳ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ, ಒಂದು ಕಾಮಾ ಹಾಕಿ. ಆಗ ಫಂಕ್ಷನ್ ಕರೆಯುವವರು ಪ್ರತಿ ಆರ್ಗ್ಯುಮೆಂಟನ್ನೂ ಹೆಸರು ಬರೆದೇ ಕೊಡಬೇಕು. ಸುಮ್ನೆ ಎರಡು ಸಂಖ್ಯೆ ಎಸೆದರೆ ಮೈಪೈ ಮೊದಲೇ ಬೈಯುತ್ತದೆ, ನೀವು ಮೈಪೈ ಓಡಿಸಲು ಮರೆತಿದ್ದರೂ ಪೈಥಾನ್ ಆ ಸಾಲಿಗೆ ಬಂದಾಗ ಟೈಪ್‌ಎರರ್ ಕೊಟ್ಟು ನಿಲ್ಲುತ್ತದೆ. ನನ್ನ ಚಿಕ್ಕಪುಟ್ಟ ಸ್ಕ್ರಿಪ್ಟ್‌ಗಳಿಗಂತೂ ಈ ನಕ್ಷತ್ರವೇ ಸಾಕಾಗಿದೆ.