ಗಂಟೆಗೆ 41 ಡಾಲರ್: ಟೆಕ್ಸಾಸ್‌ನಲ್ಲಿ ನರ್ಸ್ ಸಂಬಳ ನನ್ನ ಕೈಗೆ ಬಂದ ಬಗೆ

ಊರಿಗೆ ಫೋನ್ ಮಾಡಿದಾಗಲೆಲ್ಲ ತೀರ್ಥಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪ ಕೇಳುವ ಪ್ರಶ್ನೆ ಒಂದೇ: “ಈಗ ಗಂಟೆಗೆ ಎಷ್ಟು ಕೊಡ್ತಾರೆ, ಪುಟ್ಟಿ?” 2024ರಲ್ಲಿ 41 ಡಾಲರ್ ಎಂದೊಡನೆ ಅವರು ಅಲ್ಲಿಯೇ ಡಾಲರಿನ ಆಗಿನ ಬೆಲೆಯಾದ 84ರಿಂದ ಗುಣಿಸಿ, ಗಂಟೆಗೆ ಮೂರೂವರೆ ಸಾವಿರ ರೂಪಾಯಿ ದುಡಿಯುವವಳಿಗೆ ಊರಿನ ಮನೆಯ ಹೆಂಚು ಬದಲಾಯಿಸುವುದು ದೊಡ್ಡ ಮಾತಲ್ಲ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಅವರ ಗುಣಾಕಾರದಲ್ಲಿ ತಪ್ಪಿಲ್ಲ. ಹ್ಯೂಸ್ಟನ್‌ಗೆ ಬಂದ ಹೊಸತರಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತಿಂಗಳಿಗೆ 18 ಸಾವಿರ ರೂಪಾಯಿಗೆ ರಾತ್ರಿ ಪಾಳಿ ಮಾಡಿದವಳಿಗೆ ಬೇರೆ ಲೆಕ್ಕ ಹೊಳೆಯುವುದಾದರೂ ಹೇಗೆ?

ನಾನು ಆಸ್ಪತ್ರೆಯ ಪ್ರಾಯೋಜಕತ್ವದ ಮೇಲೆ ಬಂದವಳಲ್ಲ. ನರ್ಸ್‌ಗಳು ಬರುವ ಆ ಕಾಯಂ ವಾಸದ ವೀಸಾ ವರ್ಗದಲ್ಲಿ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಹಿಂದೆ ಬಿದ್ದಿರುವುದರಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿಯೇ ನನಗೂ ದಾರಿಯಾಯಿತು. ಬಂದ ಮೇಲೆ ಅಂಕಪಟ್ಟಿಗಳ ಮೌಲ್ಯಮಾಪನ, ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ, ಟೆಕ್ಸಾಸ್‌ನವರೇ ನಡೆಸುವ ನರ್ಸಿಂಗ್ ಕಾನೂನಿನ ಪರೀಕ್ಷೆ ಎಲ್ಲವೂ ಮುಗಿದು ಲೈಸೆನ್ಸ್ ಕೈಗೆ ಬಂತು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಹೇಳಬೇಕಾದದ್ದು ಹಣದ ವಿಚಾರ.

ಕೆಲಸ ಹುಡುಕುವವರು ಮೊದಲು ನೋಡುವುದು ಸರ್ಕಾರಿ ಸರಾಸರಿಯನ್ನು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಂತೆ ರಿಜಿಸ್ಟರ್ಡ್ ನರ್ಸ್‌ನ ಸರಾಸರಿ ವಾರ್ಷಿಕ ಸಂಬಳ ಟೆಕ್ಸಾಸ್‌ನಲ್ಲಿ ಸುಮಾರು 90 ಸಾವಿರ ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 1 ಲಕ್ಷ 37 ಸಾವಿರ ಡಾಲರ್‌ಗೂ ಹೆಚ್ಚು. ಈ ವಾರ್ಷಿಕ ಅಂಕಿಯಲ್ಲಿ ಒಂದು ಸಣ್ಣ ತೊಡಕಿದೆ. ಇಲಾಖೆಯು ಗಂಟೆಯ ದರವನ್ನು 2,080 ಗಂಟೆಗಳಿಂದ, ಎಂದರೆ ವಾರಕ್ಕೆ 40 ಗಂಟೆಯಂತೆ, ಗುಣಿಸಿ ಆ ಮೊತ್ತವನ್ನು ಕೊಡುತ್ತದೆ. ಆದರೆ ವಾರ್ಡಿನ ನರ್ಸ್‌ಗೆ ಪೂರ್ಣಕಾಲಿಕ ಕೆಲಸವೆಂದರೆ ಸಾಮಾನ್ಯವಾಗಿ ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ, 36 ಗಂಟೆ, ವರ್ಷಕ್ಕೆ 1,872 ಗಂಟೆ. ಗಂಟೆಗೆ 41 ಡಾಲರ್‌ನಂತೆ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ 85 ಸಾವಿರ ಡಾಲರ್, ಆಸ್ಪತ್ರೆಯ ಲೆಕ್ಕದಲ್ಲಿ 77 ಸಾವಿರವೂ ಆಗಲಿಲ್ಲ. ಹನ್ನೆರಡು ಗಂಟೆ ಎಂಬುದೂ ಕಾಗದದ ಮಾತೇ: ಸಂಜೆ 6.45ಕ್ಕೆ ಹಾಜರಿ ಒತ್ತಿದರೆ ಬೆಳಿಗ್ಗೆ 7.15ರವರೆಗೆ ಅಲ್ಲಿಯೇ ಇರಬೇಕು. ನಡುವಿನ ಅರ್ಧ ಗಂಟೆಯ ಊಟದ ಬಿಡುವಿಗೆ ಸಂಬಳವಿಲ್ಲ, ಎಷ್ಟೋ ರಾತ್ರಿ ಆ ಬಿಡುವೂ ಇಲ್ಲ.

2024ರ ಒಂದು ಸಂಬಳದ ಚೀಟಿಯನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ. ಎರಡು ವಾರಕ್ಕೆ 72 ಗಂಟೆ, ಮೂಲ ದರದಲ್ಲಿ 2,952 ಡಾಲರ್. ರಾತ್ರಿ ಪಾಳಿಗೆ ಗಂಟೆಗೆ ನಾಲ್ಕೂವರೆ ಡಾಲರ್ ಹೆಚ್ಚು, ವಾರಾಂತ್ಯದ ಎರಡು ಪಾಳಿಗಳಿಗೆ ಗಂಟೆಗೆ ಮತ್ತೆ ಮೂರು ಡಾಲರ್ ಹೆಚ್ಚು. ಎಲ್ಲ ಸೇರಿ 3,348. ಇದರಲ್ಲಿ ಗಂಡ ಮತ್ತು ಮಗಳೂ ಸೇರಿದ ಆರೋಗ್ಯ ವಿಮೆಗೆ 260, ಸರ್ಕಾರಿ ಪಿಂಚಣಿ ಮತ್ತು ವೃದ್ಧರ ಆರೋಗ್ಯ ವಿಮೆಯ ನಿಧಿಗಳಾದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ, ವಿಮೆ ಕಳೆದು ಉಳಿದ ಮೊತ್ತದ ಮೇಲೆ ಶೇ. 7.65ರಂತೆ 236, ನಿವೃತ್ತಿ ಖಾತೆಗೆ 167, ಕೇಂದ್ರದ ಆದಾಯ ತೆರಿಗೆಗೆ 329, ಪಾರ್ಕಿಂಗ್‌ಗೆ 40 ಡಾಲರ್ ಹೋಗಿ ಬ್ಯಾಂಕಿಗೆ ಬಂದದ್ದು 2,316. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಗಾಡಿ ನಿಲ್ಲಿಸಲು ನಾನೇ ದುಡ್ಡು ಕೊಡಬೇಕೆಂಬುದು ಇಂದಿಗೂ ನನಗೆ ಅರಗಿಲ್ಲ. ಎರಡು ವಾರಕ್ಕೊಮ್ಮೆ ಸಂಬಳವಾದ್ದರಿಂದ ವರ್ಷಕ್ಕೆ 26 ಚೀಟಿ; ಎರಡು ತಿಂಗಳಲ್ಲಿ ಮಾತ್ರ ಮೂರು ಬರುತ್ತವೆ. ತಿಂಗಳಿಗೆ ಎರಡೇ ಎಂದು ಮನೆ ನಡೆಸಿ, ಹೆಚ್ಚಿನ ಆ ಎರಡನ್ನು ಊರಿಗೆ ಹೋಗುವ ವಿಮಾನದ ಟಿಕೆಟಿಗೆಂದು ಎತ್ತಿಡುವುದನ್ನು ರೂಢಿಸಿಕೊಂಡ ಮೇಲೆಯೇ ನಮ್ಮ ಕ್ರೆಡಿಟ್ ಕಾರ್ಡಿನ ಬಾಕಿ ತೀರಿದ್ದು.

ಈ ಚೀಟಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ವಾರ್ಡಿನಲ್ಲಿ ರೋಗಿಗಳು ಕಡಿಮೆಯಿದ್ದರೆ ಸಂಜೆ ನಾಲ್ಕೂವರೆಗೆ ಫೋನ್ ಬರುತ್ತದೆ, “ಇವತ್ತು ಬರುವುದು ಬೇಡ.” ಆಗ ಗಳಿಸಿಟ್ಟ ರಜೆಯನ್ನು ಖರ್ಚು ಮಾಡಬೇಕು, ಇಲ್ಲವೇ ಆ ಹನ್ನೆರಡು ಗಂಟೆಯ ಸಂಬಳ ಬಿಡಬೇಕು. ನನ್ನ ದೊಡ್ಡ ತಪ್ಪು ನಡೆದದ್ದು ಮೊದಲ ಕೆಲಸದಲ್ಲಿ. ಎರಡು ವರ್ಷ ಇರುವ ಕರಾರಿನ ಮೇಲೆ 10 ಸಾವಿರ ಡಾಲರ್ ಸೇರ್ಪಡೆಯ ಬೋನಸ್ ಕೊಟ್ಟರು. ತೆರಿಗೆಗಳು ಹೋಗಿ ಕೈಗೆ ಬಂದದ್ದು 7,035. ಹದಿನಾಲ್ಕು ತಿಂಗಳಿಗೆ ಬೇರೆ ಆಸ್ಪತ್ರೆಗೆ ಹೊರಟಾಗ ಉಳಿದ ಹತ್ತು ತಿಂಗಳ ಪಾಲನ್ನು ಕೈಗೆ ಬಂದ ಮೊತ್ತದ ಮೇಲಲ್ಲ, ಪೂರ್ತಿ 10 ಸಾವಿರದ ಮೇಲೆ ಲೆಕ್ಕ ಹಾಕಿ 4,167 ಡಾಲರ್ ಕೇಳಿದರು. ಕರಾರಿನ ನಾಲ್ಕನೆಯ ಪುಟದಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿತ್ತು. ಓದದೆ ಸಹಿ ಹಾಕಿದವಳು ನಾನು.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬ ಮಾತನ್ನು ಇಲ್ಲಿನವರು ಮದುವೆ ಮನೆಯಲ್ಲಿ ವರನ ಗುಣ ಹೇಳಿದಂತೆ ಹೇಳುತ್ತಾರೆ. ಮಾತು ನಿಜ, ಆದರೆ ರಾಜ್ಯಕ್ಕೆ ತಪ್ಪಿದ ಹಣ ಬೇರೆ ಬಾಗಿಲಿನಿಂದ ಹೊರಡುತ್ತದೆ. ಮನೆ ಕೊಂಡ ನನ್ನ ಸಹೋದ್ಯೋಗಿಯೊಬ್ಬಳು ವರ್ಷಕ್ಕೆ 7 ಸಾವಿರ ಡಾಲರ್ ಆಸ್ತಿ ತೆರಿಗೆ ಕಟ್ಟುತ್ತಾಳೆ. 2023ರಲ್ಲಿ ಆಸ್ತಿ ತೆರಿಗೆಯಲ್ಲಿ ಶಾಲೆಗಳ ಪಾಲಿಗೆ, ವಾಸದ ಮನೆಯ ಮೌಲ್ಯದ ಮೇಲೆ ಕೊಡುವ ವಿನಾಯಿತಿಯನ್ನು 1 ಲಕ್ಷ ಡಾಲರ್‌ಗೆ ಏರಿಸಿದ ಮೇಲಿನ ಮಾತು ಇದು. ಮನೆಯ ವಿಮೆ ಬೇರೆ. ಅದು ನೆರೆ ಹಾವಳಿಯ ನಷ್ಟವನ್ನು ತುಂಬಿಕೊಡುವುದಿಲ್ಲವಾದ್ದರಿಂದ, 2017ರ ಹಾರ್ವಿ ಚಂಡಮಾರುತವನ್ನು ಕಂಡವರು ನೆರೆ ವಿಮೆಯನ್ನೂ ಮಾಡಿಸುತ್ತಾರೆ. ನಾವು ಬಾಡಿಗೆಯಲ್ಲಿದ್ದೇವೆ: ನಗರದ ನೈಋತ್ಯದಲ್ಲಿ ಎರಡು ಕೋಣೆಯ ಮನೆಗೆ 1,550 ಡಾಲರ್. ಆಗಸ್ಟಿನಲ್ಲಿ ಹಗಲೂ ರಾತ್ರಿ ಎಸಿ ಓಡಿ ಕರೆಂಟ್ ಬಿಲ್ 210ಕ್ಕೆ ಏರುತ್ತದೆ. ಆಸ್ಪತ್ರೆಗಳೇ ತುಂಬಿದ ಮೆಡಿಕಲ್ ಸೆಂಟರ್ ಪ್ರದೇಶದೊಳಗೆ ರೈಲು ಹಾಯುತ್ತದಾದರೂ ನಮ್ಮ ಬಡಾವಣೆಗೆ ಅದು ಬರುವುದಿಲ್ಲ, ಹಾಗಾಗಿ ಎರಡು ಕಾರು, ಎರಡು ವಿಮೆ, ಜೊತೆಗೆ ಟೋಲ್. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ನಮ್ಮಲ್ಲಿ ಐದು ದಿನ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿದ್ದುದೆಲ್ಲ ಕಸಕ್ಕೆ ಹೋಗಿ, ಮಗಳಿಗಾಗಿ ಎರಡು ರಾತ್ರಿ ಹೋಟೆಲಿನಲ್ಲಿ ಕಳೆದೆವು. ಇಂಥ ಖರ್ಚು ಯಾವ ಜೀವನವೆಚ್ಚದ ಸೂಚ್ಯಂಕದಲ್ಲಿಯೂ ನನಗೆ ಕಾಣಿಸಿಲ್ಲ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ಆಸ್ಪತ್ರೆಯೊಂದು ಗಂಟೆಗೆ 72 ಡಾಲರ್ ಕೊಡುತ್ತೇವೆಂದಿತು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ನಾನೂ ಗಂಡನೂ ಲೆಕ್ಕಕ್ಕೆ ಕುಳಿತೆವು. 31 ಡಾಲರ್‌ನ ವ್ಯತ್ಯಾಸ 1,872 ಗಂಟೆಗೆ 58 ಸಾವಿರ ಡಾಲರ್. ಕೇಂದ್ರದ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಕಳೆದರೆ 41 ಸಾವಿರದ ಹತ್ತಿರ. ಗಂಡ ಮನೆಯಿಂದಲೇ ಕೆಲಸ ಮಾಡುವವರು. ಅಲ್ಲಿಗೆ ಹೋದರೆ ಅವರ ಸಂಬಳವೂ ಕ್ಯಾಲಿಫೋರ್ನಿಯಾದ ತೆರಿಗೆಗೆ ಸೇರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಇಬ್ಬರದೂ ಸೇರಿ 13 ಸಾವಿರ ಅದಕ್ಕೇ ಹೋಯಿತು. ತಿಂಗಳಿಗೆ 1,200 ಹೆಚ್ಚಿನ ಬಾಡಿಗೆ, ಮಗಳ ಡೇಕೇರ್‌ಗೆ 500 ಹೆಚ್ಚು ಎಂದು ಬರೆದ ಮೇಲೆ ವರ್ಷಕ್ಕೆ ಉಳಿದದ್ದು 7 ಸಾವಿರ ಚಿಲ್ಲರೆ. ಒಂಟಿಯಾಗಿರುವ, ಕೋಣೆ ಹಂಚಿಕೊಂಡು ಇರಬಲ್ಲ ನರ್ಸ್‌ಗೆ ಇದೇ ಲೆಕ್ಕ ಪೂರ್ತಿ ತಿರುಗಿ ಬೀಳುತ್ತದೆ. ಅಂಥವರು ಯಾರಾದರೂ ಕೇಳಿದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಎಂದೇ ಹೇಳುತ್ತೇನೆ, ಟೆಕ್ಸಾಸ್‌ನ ಗೆಳತಿಯರಿಗೆ ಕೋಪ ಬಂದರೂ ಸರಿ.

ನಾವು ಹೋಗಲಿಲ್ಲ, ಆದರೆ ಒಂದು ವಿಷಯ ಮಾತ್ರ ನನ್ನನ್ನು ಕಾಡಿತು. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನಾಗಿ 2004ರಿಂದ ಜಾರಿಯಲ್ಲಿರುವ ನಿಯಮದಂತೆ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ಐವರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಟೆಕ್ಸಾಸ್‌ನಲ್ಲಿ ಅಂಥ ಮಿತಿ ಕಾನೂನಿನಲ್ಲಿ ಇಲ್ಲ. ನನಗೆ ಆರು ಮಂದಿ ಸಾಮಾನ್ಯ, ಯಾರಾದರೂ ರಜೆ ಹಾಕಿದ ರಾತ್ರಿ ಏಳು. ಆ ಏಳನೆಯ ರೋಗಿಯನ್ನು ನೋಡಿಕೊಂಡಿದ್ದಕ್ಕೆ ಸಂಬಳದ ಚೀಟಿಯಲ್ಲಿ ಯಾವ ಸಾಲೂ ಇಲ್ಲ.

2025ರ ಏಪ್ರಿಲಿನಲ್ಲಿ ಆಸ್ಪತ್ರೆ ಶೇ. 3ರಷ್ಟು ಸಂಬಳ ಏರಿಸಿತು. ಗಂಟೆಗೆ 1 ಡಾಲರ್ 23 ಸೆಂಟ್, ಎರಡು ವಾರಕ್ಕೆ 88 ಡಾಲರ್ ಚಿಲ್ಲರೆ. ಅದೇ ಚೀಟಿಯಲ್ಲಿ ಆರೋಗ್ಯ ವಿಮೆಯ ಕಂತು 34 ಡಾಲರ್ ಏರಿತು, ತೆರಿಗೆಗಳು ತಮ್ಮ ಪಾಲು ತೆಗೆದುಕೊಂಡವು, ಮುಂದಿನ ತಿಂಗಳು ಬಾಡಿಗೆ 60 ಡಾಲರ್ ಹೆಚ್ಚಾಯಿತು. ತಿಂಗಳಿಗೆ ಉಳಿದದ್ದು ಹತ್ತು ಡಾಲರ್ ಆಸುಪಾಸು. ಆ ಭಾನುವಾರ ಚಿಕ್ಕಪ್ಪ ಎಂದಿನಂತೆ ಕೇಳಿದರು; 42 ಆಗಿದೆ ಎಂದೆ. ಅವರು ಗುಣಿಸತೊಡಗಿದರು.