ನೇರವಾಗಿ ಮಾತಾಡುವುದನ್ನು ನೋಡಿ ಕಲಿಯುವುದು: ಯಾರನ್ನು ಗಮನಿಸಬೇಕು, ಏನನ್ನು ಗಮನಿಸಬೇಕು

ದಾಕ್ಷಿಣ್ಯಕ್ಕೆ ಸಿಕ್ಕಿ ಎಲ್ಲದಕ್ಕೂ ಹೂಂ ಅನ್ನುವವರು, ‘ಆಗಲ್ಲ’ ಎಂದು ಹೇಳಿಯೂ ಸಂಬಂಧ ಕೆಡಿಸಿಕೊಳ್ಳದವರನ್ನು ನೋಡಿ ಕಲಿಯಬಹುದೇ? ಕಲಿಯಬಹುದು. ಆದರೆ ನೋಡಿದ್ದಕ್ಕೇ ಯಾರಿಗೂ ಬರುವುದಿಲ್ಲ. ನೋಡಿ ಕಲಿಯುವುದರಲ್ಲಿ ನಾಲ್ಕು ಕೆಲಸಗಳಿವೆ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ವಿಂಗಡಿಸಿದ್ದರು: ಗಮನಿಸುವುದು, ನೆನಪಿಡುವುದು, ಮಾಡಿ ನೋಡುವುದು, ಮಾಡಬೇಕೆನ್ನಿಸುವುದು. ಹೆಚ್ಚಿನವರು ಮೊದಲನೆಯದರಲ್ಲೇ ನಿಲ್ಲುತ್ತಾರೆ. ನೇರವಾಗಿ ಮಾತಾಡುವ ತರಬೇತಿಯ ಬಗ್ಗೆ ಮನೋವಿಜ್ಞಾನಿಗಳಾದ ಮೆಕ್‌ಫಾಲ್ ಮತ್ತು ಟ್ವೆಂಟಿಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮುಖ್ಯವಾಗಿ ಫಲ ಕೊಟ್ಟದ್ದು ತಾಲೀಮು ಮತ್ತು ತಿದ್ದಿ ಹೇಳಿಕೊಡುವುದು. ಅವೆರಡರ ಜೊತೆ ನೋಡಿ ಕಲಿಯಲು ಮಾದರಿಯನ್ನೂ ಒದಗಿಸಿದಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಾಗೆಂದು ನೋಡುವುದು ದಂಡವಲ್ಲ. ಏನು ತಾಲೀಮು ಮಾಡಬೇಕು ಎಂಬುದು ತಿಳಿಯುವುದೇ ಅಲ್ಲಿಂದ.

ಯಾರನ್ನು ಆರಿಸಿಕೊಳ್ಳಬೇಕು

ಎಲ್ಲರೂ ತಪ್ಪುವುದು ಇಲ್ಲೇ. ಕಣ್ಣು ಹೋಗುವುದು ಮೇಲಧಿಕಾರಿಯ ಮೇಲೆ, ಇಲ್ಲವೇ ಧಾರಾವಾಹಿಯ ಬಾಯಿ ಜೋರಿನ ಪಾತ್ರದ ಮೇಲೆ. ಅಧಿಕಾರಿಯ ‘ಇಲ್ಲ’ಕ್ಕೆ ಬಲ ಬರುವುದು ಕುರ್ಚಿಯಿಂದ, ಅದೇ ಮಾತು ಕಿರಿಯ ನೌಕರನ ಬಾಯಲ್ಲಿ ಉದ್ಧಟತನವಾಗಿ ಕೇಳುತ್ತದೆ. ಪಾತ್ರಕ್ಕೋ ಮರುದಿನದ ಪರಿಣಾಮವೇ ಇಲ್ಲ. ನಿಮ್ಮದೇ ವಯಸ್ಸು, ನಿಮ್ಮದೇ ಹುದ್ದೆ, ನಿಮಗಿಂತ ಒಂದು ಹೆಜ್ಜೆ ಮುಂದಿರುವವರನ್ನು ಹುಡುಕಿ. ಮಾತು ಶುರುಮಾಡುವಾಗ ಅವರ ದನಿ ಸ್ವಲ್ಪ ತಡವರಿಸಿದರೆ ಇನ್ನೂ ಒಳ್ಳೆಯದು. ಅಳುಕನ್ನು ನುಂಗಿಕೊಂಡು ಮಾತು ಮುಗಿಸುವುದು ಹೇಗೆ ಎಂಬುದೂ ಕಾಣುತ್ತದೆ. ಒಬ್ಬರೇ ಸಾಲದು, ಮೂವರಾದರೂ ಇರಲಿ. ಒಬ್ಬರನ್ನೇ ನೋಡಿದರೆ ಅವರ ಹಾವಭಾವ ಅಂಟಿಕೊಳ್ಳುತ್ತದೆ, ವಿಧಾನ ಉಳಿಯುವುದಿಲ್ಲ.

ಏನನ್ನು ನೋಡಬೇಕು

‘ಎಷ್ಟು ಧೈರ್ಯವಾಗಿ ಮಾತಾಡಿದರು’ ಎಂಬುದು ಗಮನಿಸಿದಂತಲ್ಲ, ಮೆಚ್ಚಿದಂತೆ. ಮೊದಲ ವಾಕ್ಯ ಏನಿತ್ತು, ಅದೇ ಪದಗಳಲ್ಲಿ ಹಿಡಿಯಿರಿ. ಕಾರಣ ಕೊಟ್ಟರೇ, ಎಷ್ಟು? ಪಳಗಿದವರು ಸಾಮಾನ್ಯವಾಗಿ ಒಂದು ಕಾರಣ ಕೊಟ್ಟು ಸುಮ್ಮನಾಗುತ್ತಾರೆ. ಮೂರು ಕಾರಣ ಕೊಟ್ಟರೆ ಎದುರಿನವರು ಅದರಲ್ಲಿ ಸಡಿಲವಾದದ್ದನ್ನು ಹಿಡಿದು ಎಳೆಯುತ್ತಾರೆ. ಹೇಳಿದ ಮೇಲೆ ಎಷ್ಟು ಹೊತ್ತು ಮೌನವಾಗಿದ್ದರು? ಆ ಮೌನವನ್ನು ತುಂಬಲು ಹೋಗಿಯೇ ಹೆಚ್ಚಿನವರು ‘ಸರಿ, ನೋಡೋಣ’ ಅಂದುಬಿಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೇ ಸಲ ಒತ್ತಾಯ ಬಂದಾಗಿನ ಉತ್ತರ. ಮೊದಲ ‘ಇಲ್ಲ’ ಯಾರಾದರೂ ಹೇಳಿಯಾರು. ಎರಡನೆಯದರಲ್ಲಿ ದನಿ ಏರಿತೇ, ಮಾತು ಬದಲಾಯಿತೇ, ಅಥವಾ ಅದೇ ವಾಕ್ಯ ಅದೇ ದನಿಯಲ್ಲಿ ಮರಳಿ ಬಂತೇ? ಒಂದು ವಾರದ ನಂತರ ಆ ಇಬ್ಬರ ನಡುವೆ ಹೇಗಿದೆ ಎಂಬುದನ್ನೂ ನೋಡಿ. ಕೆಲಸ ಆಗಿ ಸಂಬಂಧ ಹಳಸಿದ್ದರೆ ನೀವು ನೋಡಿದ್ದು ಬಹುಶಃ ದಬಾಯಿಸುವುದನ್ನು. ಅದನ್ನು ನಕಲು ಮಾಡಬೇಡಿ.

ಅಂದೇ ಬರೆದಿಡಿ. ಮರುದಿನಕ್ಕೆ ಪದಗಳು ಹೋಗಿ ಭಾವ ಮಾತ್ರ ಉಳಿಯುತ್ತದೆ.

ಬಾಯಿಗೆ ತರುವುದು

ಬರೆದ ವಾಕ್ಯವನ್ನು ನಿಮ್ಮ ಆಡುಮಾತಿಗೆ ತಿರುಗಿಸಿ. ‘ಈ ವಾರ ಇನ್ನೊಂದು ಕೆಲಸ ತಗೊಳ್ಳೋಕೆ ಆಗಲ್ಲ. ಸೋಮವಾರದಿಂದ ಆಗುತ್ತೆ’ – ಇಷ್ಟೇ ಉದ್ದ ಸಾಕು. ಸೋಮವಾರ ನಿಜಕ್ಕೂ ಆಗದಿದ್ದರೆ ಆ ಎರಡನೇ ವಾಕ್ಯ ಬೇಡ. ಜೋರಾಗಿ ಐದಾರು ಸಲ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ನಾಲಿಗೆಗೆ ಅಭ್ಯಾಸವಾಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ವಾಕ್ಯದ ಕೊನೆಯಲ್ಲಿ ದನಿ ಇಳಿದುಹೋಗುವುದು, ಸುಮ್ಮಸುಮ್ಮನೆ ನಗು ಸೇರುವುದು ಗೊತ್ತಾಗುತ್ತದೆ. ಆಮೇಲೆ ಸ್ನೇಹಿತರೊಬ್ಬರನ್ನು ಎದುರು ಕೂರಿಸಿ. ಅವರು ಮೂರು ಸಲ ಒತ್ತಾಯಿಸಬೇಕು, ಸುಲಭಕ್ಕೆ ಬಿಡಬಾರದು. ಪ್ರತಿ ಸುತ್ತಿನ ನಂತರ ತಿದ್ದುವುದು ಒಂದೇ ಅಂಶ. ಐದು ತಪ್ಪು ಒಟ್ಟಿಗೆ ಹೇಳಿದರೆ ಮುಂದಿನ ಸುತ್ತು ಇನ್ನೂ ಕೆಡುತ್ತದೆ.

ನಿಜವಾದ ಸಂದರ್ಭಗಳನ್ನು ಅವು ಹುಟ್ಟಿಸುವ ಅಳುಕಿನ ಪ್ರಕಾರ 0ರಿಂದ 100ರವರೆಗೆ ಅಳೆದು ಪಟ್ಟಿ ಮಾಡಿ. 20–30ರ ಆಸುಪಾಸಿನದರಿಂದ ಶುರುಮಾಡಿ: ತಪ್ಪಾದ ಬಿಲ್ ತಿದ್ದಿಸುವುದು, ಸಾಲಿನಲ್ಲಿ ನಡುವೆ ನುಗ್ಗಿದವರಿಗೆ ಹೇಳುವುದು. ಅದು 10ಕ್ಕೆ ಇಳಿದ ಮೇಲೆ ಮುಂದಿನದು. ಸಂಬಳ ಹೆಚ್ಚಿಸಿ ಎಂದು ಕೇಳುವಂಥ 80ರ ಸಂದರ್ಭವನ್ನೇ ಮೊದಲು ಹಿಡಿದು ಸೋತವರು ‘ಇದು ನನ್ನ ಸ್ವಭಾವಕ್ಕೆ ಒಗ್ಗಲ್ಲ’ ಎಂದು ಕೈಬಿಡುತ್ತಾರೆ. ಕೆಟ್ಟದ್ದು ಸ್ವಭಾವವಲ್ಲ, ಕ್ರಮ.

ಎದುರಿನವರು ಕೈ ಮಾಡುವವರಾದರೆ, ಬೆದರಿಸುವವರಾದರೆ ಈ ವಿಧಾನ ಬೇಡವೇ ಬೇಡ. ಅಲ್ಲಿ ಮೊದಲು ಸುರಕ್ಷಿತ ಜಾಗ ಮತ್ತು ನಂಬಿಕೆಯ ಜನ.