ಪೊರೆಯ ಶಸ್ತ್ರಚಿಕಿತ್ಸೆ: ಮಡಿಕೇರಿಯಲ್ಲೋ, ಮೈಸೂರಿನಲ್ಲೋ?

ಮನೆಯ ಹಿರಿಯರ ಕಣ್ಣಿಗೆ ಪೊರೆ ಬಂದಿದೆಯೆಂದು ತಿಳಿದ ದಿನವೇ ಕೊಡಗಿನ ಮನೆಗಳಲ್ಲಿ ‘ಮಡಿಕೇರಿಯಲ್ಲೋ, ಮೈಸೂರಿನಲ್ಲೋ’ ಎಂಬ ಮಾತು ಏಳುತ್ತದೆ. ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಸರ್ಕಾರಿ ಆಸ್ಪತ್ರೆಯೋ ಖಾಸಗಿಯೋ ಎಂಬುದು ಒಂದು. ಹತ್ತಿರವೋ ದೂರವೋ ಎಂಬುದು ಮತ್ತೊಂದು. ಜನ ಮೊದಲನೆಯದನ್ನೇ ಹೆಚ್ಚು ಚರ್ಚಿಸುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಎರಡನೆಯದೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ.

ತೀರ್ಮಾನಕ್ಕೆ ಮುಂಚೆ ಸಮೀಪದ ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಪೂರ್ಣ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ನೋಡಿಸಬೇಕು, ಕಣ್ಣಿನ ಒತ್ತಡವನ್ನು ಅಳೆಸಬೇಕು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾಗಿದ್ದರೆ ಅಥವಾ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ, ಪೊರೆ ತೆಗೆಸಿದ ಮಾತ್ರಕ್ಕೆ ಹೋದ ದೃಷ್ಟಿ ಮರಳುವುದಿಲ್ಲ. ಇದನ್ನು ಮೊದಲೇ ತಿಳಿಯದವರು ಆಮೇಲೆ ವೈದ್ಯರನ್ನು ದೂರುತ್ತಾರೆ. ‘ಪೊರೆ ಹಣ್ಣಾಗಲಿ’ ಎಂದು ಕಾಯುವ ಹಳೆಯ ರೂಢಿಯನ್ನೂ ಬಿಡಬೇಕು. ಓದು, ನಡಿಗೆ, ವಾಹನ ಚಾಲನೆ, ತೋಟದ ಕೆಲಸ ಇವುಗಳಿಗೆ ಅಡ್ಡಿಯಾದಾಗಲೇ ಶಸ್ತ್ರಚಿಕಿತ್ಸೆಯ ಸಮಯ ಬಂದಂತೆ. ಪೊರೆ ಪೂರ್ತಿ ಬೆಳ್ಳಗಾಗುವವರೆಗೆ ಬಿಟ್ಟರೆ ಅದು ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ; ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ತೀವ್ರ ನೋವೂ ಬರಬಹುದು.

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆದುಬಂದಿದ್ದು, ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯೂ ಕಣ್ಣೊಳಗೆ ಇಡುವ ಲೆನ್ಸೂ ಉಚಿತ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಗಿದ್ದು, ಅಲ್ಲಿ ನೇತ್ರ ವಿಭಾಗವಿದೆ. ಊರೂರಿನ ಕಣ್ಣಿನ ಶಿಬಿರಗಳಲ್ಲಿ ನಡೆಯುವುದು ತಪಾಸಣೆ ಮಾತ್ರ. ಶಾಲೆಯ ಕೊಠಡಿಯಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲ ಹೋಗಿ, ಈಗ ರೋಗಿಗಳನ್ನು ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯುವುದು ನಿಯಮ.

ಸರ್ಕಾರಿ ಎಂದರೆ ಹಳೆಯ ವಿಧಾನ, ಖಾಸಗಿ ಎಂದರೆ ‘ಲೇಸರ್’ ಎಂಬ ನಂಬಿಕೆ ಬಲವಾಗಿದೆ. ಖಾಸಗಿಯಲ್ಲಿ ಹೆಚ್ಚಾಗಿ ಮಾಡುವ ಫೇಕೋ ವಿಧಾನದಲ್ಲಿ ಪೊರೆಯನ್ನು ಒಡೆಯುವುದು ಶ್ರವಣಾತೀತ (ಅಲ್ಟ್ರಾಸೌಂಡ್) ತರಂಗಗಳು, ಲೇಸರ್ ಅಲ್ಲ. ಅದರ ಸೀಳು ಎರಡರಿಂದ ಮೂರು ಮಿಲಿಮೀಟರ್ ಮಾತ್ರ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸಣ್ಣ ಸೀಳಿನ ವಿಧಾನದಲ್ಲಿ ಸೀಳು ಸುಮಾರು ಆರು ಏಳು ಮಿಲಿಮೀಟರ್ ಇದ್ದರೂ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಗಾಯ ಮಾಯಲು ಇದರಲ್ಲಿ ಸ್ವಲ್ಪ ಹೆಚ್ಚು ದಿನ ಹಿಡಿಯುತ್ತದೆ, ಸಿಲಿಂಡರ್ ನಂಬರೂ (ಕಣ್ಣಿನ ಮೇಲ್ಮೈ ಎಲ್ಲ ಕಡೆ ಒಂದೇ ಸಮ ಬಾಗಿರದ ದೋಷದ ಅಳತೆ) ಸ್ವಲ್ಪ ಹೆಚ್ಚಾಗಿ ಉಳಿಯಬಹುದು. ಆದರೆ ತೀರಾ ಗಟ್ಟಿಯಾದ, ಬಿಳಿಯಾದ ಪೊರೆಗೆ ಇದನ್ನೇ ಅನೇಕ ಅನುಭವಿ ವೈದ್ಯರು ಆರಿಸುತ್ತಾರೆ. ಕಾಫಿ ತೋಟದ ಲೈನ್‌ಮನೆಗಳಲ್ಲಿದ್ದು ತಡವಾಗಿ ಆಸ್ಪತ್ರೆಗೆ ಬರುವ ಕಾರ್ಮಿಕರಲ್ಲಿ ಅಂಥ ಪೊರೆಗಳೇ ಹೆಚ್ಚು ಕಾಣುತ್ತವೆ. ಹೀಗಾಗಿ ಯಂತ್ರದ ಹೆಸರಿಗಿಂತ, ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಆ ವಿಧಾನದಲ್ಲಿ ಅವರ ಕೈ ಎಷ್ಟು ಪಳಗಿದೆ ಎಂದು ಕೇಳುವುದು ಮೇಲು. ಈ ಪ್ರಶ್ನೆಯನ್ನು ಎರಡೂ ಕಡೆ ಕೇಳಬಹುದು. ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ.

ಖರ್ಚಿನ ವಿಚಾರದಲ್ಲಿ ಕಾರ್ಡುಗಳ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30ರಷ್ಟು, ಅದೂ ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಅವರು ಕೊಡುವ ರೆಫರಲ್ ಪತ್ರದ ಮೇಲೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕೌಂಟರಿನಲ್ಲಿ ಕಾರ್ಡ್ ತೋರಿಸಿ ನಿರಾಶರಾದವರನ್ನು ಕಂಡಿದ್ದೇನೆ. ಸಹಕಾರ ಸಂಘದ ಸದಸ್ಯರು ತಮ್ಮ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಚಾಲ್ತಿಯಲ್ಲಿದೆಯೇ, ಆಯ್ಕೆ ಮಾಡಿದ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ ಎಂದು ಸಂಘದಲ್ಲೇ ವಿಚಾರಿಸಬೇಕು. ಖಾಸಗಿ ವಿಮೆ ಇರುವವರು ಪಾಲಿಸಿಯನ್ನು ಓದಲೇಬೇಕು. ಪೊರೆಗೆ ಎರಡು ವರ್ಷದ ಕಾಯುವ ಅವಧಿ ಮತ್ತು ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ಅನೇಕ ಪಾಲಿಸಿಗಳಲ್ಲಿ ಇರುತ್ತದೆ.

ಖಾಸಗಿಯಲ್ಲಿ ದೊರೆಯುವ ನಿಜವಾದ ಹೆಚ್ಚುವರಿ ಎಂದರೆ ಲೆನ್ಸಿನ ಆಯ್ಕೆ ಮತ್ತು ದಿನಾಂಕದ ಅನುಕೂಲ. ಸಾಮಾನ್ಯ ಏಕಕೇಂದ್ರ ಲೆನ್ಸ್ ಹಾಕಿಸಿಕೊಂಡವರಿಗೆ ದೂರದ್ದು ಸ್ಪಷ್ಟವಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕಾಗುತ್ತದೆ. ಸಿಲಿಂಡರ್ ನಂಬರ್ ಹೆಚ್ಚಿರುವವರಿಗೆ ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ನಿಜಕ್ಕೂ ಉಪಯುಕ್ತ. ‘ಕನ್ನಡಕವೇ ಬೇಡ’ ಎಂದು ಹೇಳಿ ಮಾರುವ ಮಲ್ಟಿಫೋಕಲ್ ಲೆನ್ಸಿನ ಬಗ್ಗೆ ಮಾತ್ರ ಎಚ್ಚರವಿರಲಿ: ರಾತ್ರಿ ಹೊತ್ತು ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುವುದು, ಮಬ್ಬಿನಲ್ಲಿ ವಸ್ತುಗಳ ಅಂಚು ಮಸುಕಾಗುವುದು ಅದರ ಪರಿಚಿತ ದೋಷಗಳು. ಮಂಜು ಕವಿದ ಮಡಿಕೇರಿ ರಸ್ತೆಯಲ್ಲಿ ಎದುರಿನ ಜೀಪಿನ ಹೆಡ್‌ಲೈಟ್ ನೋಡಿಕೊಂಡು ಗಾಡಿ ಓಡಿಸುವವರಿಗೆ ಅದು ಸೂಕ್ತವೆಂದು ನನಗೆ ತೋರುವುದಿಲ್ಲ.

ಇನ್ನೊಂದು ಕಣ್ಣು ಮೊದಲೇ ಕುರುಡಾಗಿರುವವರು, ಗ್ಲಾಕೋಮಾ ಇರುವವರು, ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗಲೋ ಮೆಣಸು ಕೊಯ್ಯುವಾಗಲೋ ಕೊಂಬೆ ತಗುಲಿ ಪೆಟ್ಟಾದ ಕಣ್ಣಿನವರು ದೊಡ್ಡ ಆಸ್ಪತ್ರೆಗೆ ಹೋಗುವುದು ಸರಿ. ದೊಡ್ಡದು ಖಾಸಗಿಯೇ ಆಗಬೇಕೆಂದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಎರಡೂ ಸರ್ಕಾರಿ.

ಉಳಿದಂತೆ, ಸಾಮಾನ್ಯ ಪೊರೆಗೆ ಜಿಲ್ಲೆಯೊಳಗೇ ಮಾಡಿಸಿಕೊಳ್ಳುವುದನ್ನು ನಾನು ಸೂಚಿಸುತ್ತೇನೆ. ಕಾರಣ, ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗೆ ಮುಗಿದರೂ ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಮತ್ತೆ ತೋರಿಸಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಇನ್ನೂ ದೂರ. ನನ್ನ ದೊಡ್ಡಪ್ಪ ಜುಲೈ ತಿಂಗಳಲ್ಲಿ ದೂರದ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡರು. ಎಂಟನೆಯ ದಿನಕ್ಕೆ ಹೋಗಬೇಕಿತ್ತು. ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿತು, ಕರೆಂಟಿಲ್ಲದೆ ಫೋನೂ ಸತ್ತಿತ್ತು, ಕಣ್ಣು ಕೆಂಪಾಗಿದ್ದನ್ನು ಯಾರಿಗೆ ತೋರಿಸುವುದೆಂದು ತಿಳಿಯದೆ ಮನೆಮಂದಿ ಮೂರು ದಿನ ಒದ್ದಾಡಿದರು. ದೇವರ ದಯೆ, ಕಣ್ಣಿಗೆ ಏನೂ ಆಗಲಿಲ್ಲ. ಮಳೆಗಾಲದಲ್ಲಿ ಪೊರೆ ತೆಗೆಸಿದರೆ ಕೀವಾಗುತ್ತದೆಂಬ ಮಾತಿಗೆ ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಆಧಾರವಿಲ್ಲ, ಆದರೆ ನಮ್ಮ ರಸ್ತೆಗಳ ಮಾತು ಬೇರೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮುನ್ನ, ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಅವಧಿ ತೋಟದವರಿಗೂ ಕೆಲಸದವರಿಗೂ ಅನುಕೂಲ. ದೂರದಲ್ಲೇ ಮಾಡಿಸುವುದಾದರೆ ಮೊದಲ ವಾರ ಆ ಊರಿನ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳಬೇಕು.

ಎಲ್ಲಿ ಮಾಡಿಸಿದರೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ, ಪ್ರಾಸ್ಟೇಟ್ ತೊಂದರೆಗೆ ನುಂಗುವ ಟಾಮ್ಸುಲೋಸಿನ್ ಮಾತ್ರೆಯನ್ನೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಎರಡನೆಯದು ಶಸ್ತ್ರಚಿಕಿತ್ಸೆಯ ವೇಳೆ ಪಾಪೆ ಸರಿಯಾಗಿ ಹಿಗ್ಗದಂತೆ ಮಾಡುತ್ತದೆ. ಆಮೇಲೆ ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಹತ್ತಿರದ ಕಣ್ಣಿನ ವೈದ್ಯರ ಬಳಿಗೆ ಓಡಬೇಕು. ಲೆನ್ಸಿನ ಪವರ್ ಬರೆದ ಚೀಟಿಯನ್ನು ಡಿಸ್ಚಾರ್ಜ್ ಕಾಗದದ ಜೊತೆ ಜೋಪಾನವಾಗಿಡಿ. ಎರಡನೆಯ ಕಣ್ಣಿನ ಸರದಿ ಬಂದಾಗ ಯಾವ ಆಸ್ಪತ್ರೆಗೆ ಹೋದರೂ ವೈದ್ಯರು ಅದನ್ನು ಕೇಳುತ್ತಾರೆ.